ಊಟದ ಕೋಟು

ಅಂದಪ್ಪ ಸಾವುಕಾರರು ಉಣ್ಣುವುದನ್ನು ನಾನು ಹತ್ತಿರ ಕುಳಿತು ನೋಡಿದ್ದೇನೆ. ಅದು ನೆನಪಾದರೆ ಇಂದಿಗೂ ನನಗೆ ಹೇಸಿಕೆ ಬರುತ್ತದೆ. ಆದರೆ ನಾನು ಹೇಳಲು ಹೊರಟಿದ್ದು ಸಾವುಕಾರರ ಕಥೆಯನ್ನಲ್ಲ. ಅಂಥವರು ತಮ್ಮ ಕಥೆಯನ್ನು ತಾವೇ ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೋಡೆಗೆ, ಧರ್ಮಶಾಲೆಯ ಬಾಗಿಲಿಗೆ ಹಚ್ಚಿಸಿಕೊಂಡಿರುತ್ತಾರೆ. ಇದು ಅವರ ಕೋಟು ಹೊಲಿದ ದರ್ಜಿ ಫಕೀರಸಾಬನ ಕಥೆ.

ಲಕ್ಷ್ಮೇಶ್ವರದ ಬಜಾರದಲ್ಲಿ ಕಿರಾಣಿ ಅಂಗಡಿಗೂ ಹಗ್ಗದ ಅಂಗಡಿಗೂ ನಡುವೆ ಅವನದೊಂದು ಸಣ್ಣ ಖೋಲಿ ಇತ್ತು. ಎರಡು ಮೆಟ್ಟಿಲು, ಒಂದು ಮಿಷನ್ನು, ಇದ್ದಿಲು ತುಂಬುವ ಒಂದು ಇಸ್ತ್ರಿ ಪೆಟ್ಟಿಗೆ. ಹಿಂದಿನ ಪರದೆ ಸರಿಸಿದರೆ ಅವನ ಮನೆ, ಅಲ್ಲಿ ಹೆಂಡತಿ ಖೈರುನಬಿ. ನಾನು ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಆ ಅಂಗಡಿಯ ಹೊಸ್ತಿಲ ಪಕ್ಕದ ಸ್ಟೂಲು ನನ್ನದೇ ಎಂಬಂತಾಗಿತ್ತು. ಫಕೀರಸಾಬ ಬೀದಿಯಲ್ಲಿ ಹೋಗುವವರ ಹೆಗಲು ನೋಡಿಯೇ ಇವನು ಎಡಗೈಯಲ್ಲಿ ಕೊಡ ಹೊರುವವನು, ಇವನು ಕುಳಿತು ಬರೆಯುವವನು ಎಂದು ಹೇಳುತ್ತಿದ್ದ. ಮಾತು ಕಡಿಮೆ, ಸೊಕ್ಕು ಸ್ವಲ್ಪ ಹೆಚ್ಚು. ಬೇರೆ ದರ್ಜಿಯ ಹಾಗೆ ಹೊಲಿದುಕೊಡು ಎಂದವರಿಗೆ ಬಟ್ಟೆ ತಿರುಗಿ ಕೊಟ್ಟು, ಆ ಬೇರೆಯವನ ಅಂಗಡಿಯ ದಾರಿಯನ್ನೂ ತೋರಿಸುತ್ತಿದ್ದ.

ಇಂಥ ಸೊಕ್ಕಿನ ಮನುಷ್ಯ ವರ್ಷಕ್ಕೆ ಎರಡು ಸಲ ಮಿಷನ್ನನ್ನು ತಲೆಯ ಮೇಲೆ ಹೊತ್ತುಕೊಂಡು ಅಂದಪ್ಪ ಸಾವುಕಾರರ ಮನೆಗೆ ಹೋಗುತ್ತಿದ್ದ. ಊರಲ್ಲಿ ಅವರದು ಹತ್ತಿ ಬಿಡಿಸುವ ಜಿನ್ನು, ಯಳವತ್ತಿಯಲ್ಲಿ ಎರೆಹೊಲ. ದೀಪಾವಳಿಗೊಮ್ಮೆ, ಮದುವೆಯ ಸುಗ್ಗಿಗೊಮ್ಮೆ ಅವರ ಮನೆಯ ಕಟ್ಟೆಯ ಮೇಲೆ ಎಂಟು ಹತ್ತು ದಿನ ಕುಳಿತು ಇಡೀ ಮನೆತನದ ಬಟ್ಟೆ ಹೊಲಿಯುವುದು ಅವನ ತಂದೆಯ ಕಾಲದಿಂದ ನಡೆದುಬಂದ ರೂಢಿ. ಮಧ್ಯಾಹ್ನದ ಊಟ ಅಲ್ಲಿಯೇ. ಅದಕ್ಕಾಗಿ ಒಂದು ತಾಟು ಇತ್ತು. ಬಿಳಿ ಲೇಪದ ತಗಡಿನ ತಾಟು, ನೀಲಿ ಅಂಚು, ಮೂರು ಕಡೆ ಲೇಪ ಹಾರಿ ಕಪ್ಪಾದದ್ದು. ಅದರ ಜಾಗ ಅಡಿಗೆಮನೆಯಲ್ಲ, ದನದ ಕೊಟ್ಟಿಗೆಯ ಗೋಡೆಯಲ್ಲಿದ್ದ ಗೂಡು. ಫಕೀರಸಾಬ ತಾನೇ ಅದನ್ನು ತೆಗೆದು, ತೊಳೆದು, ಕಟ್ಟೆಯ ತುದಿಯಲ್ಲಿ ಇಟ್ಟುಕೊಂಡು ಕುಳಿತರೆ ಆಳು ಹುಚ್ಚೀರಪ್ಪ ಬಂದು ಮೇಲಿನಿಂದ ರೊಟ್ಟಿ ಬಿಡುತ್ತಿದ್ದ. ಉಂಡ ಮೇಲೆ ತೊಳೆದು ಮತ್ತೆ ಅದೇ ಗೂಡಿನಲ್ಲಿ ಇಡಬೇಕು. ಒಂದು ಸಲ ಅದರಲ್ಲಿ ಹಲ್ಲಿಯ ಮೊಟ್ಟೆಗಳಿದ್ದವಂತೆ. ಅವನ್ನು ಚೆಲ್ಲಿ, ಬೂದಿ ಹಚ್ಚಿ ತಿಕ್ಕಿ, ಅದರಲ್ಲೇ ಉಂಡು ಬಂದ. ಇದನ್ನು ನನಗೆ ಹೇಳಿದ್ದು ಖೈರುನಬಿ. ಅವನು ಆ ತಾಟಿನ ಮಾತನ್ನು ಇಪ್ಪತ್ತೆರಡು ವರ್ಷ ಯಾರ ಮುಂದೆಯೂ ಎತ್ತಿರಲಿಲ್ಲ.

ಎಪ್ಪತ್ತೇಳನೆಯ ಇಸವಿಯ ದೀಪಾವಳಿ ಹತ್ತಿರ ಬಂದಾಗ ಸಾವುಕಾರರು ನನಗೆ ಹೇಳಿಕಳಿಸಿದರು. ಮುಂಬಯಿಯ ಯಾವುದೋ ಹತ್ತಿ ಕಂಪನಿಯವರು ತಮಗೆ ಚೆನ್ನಾಗಿ ಮಾಲು ಕಳಿಸಿದ ದಲಾಲರನ್ನೆಲ್ಲ ಹತ್ತು ದಿನ ಹಡಗಿನಲ್ಲಿ ತಿರುಗಾಡಿಸುತ್ತಾರಂತೆ. ಅದರಲ್ಲಿ ಇವರೂ ಒಬ್ಬರು. ಜೊತೆಗೊಂದು ಪುಸ್ತಕ ಬಂದಿತ್ತು. ನುಣುಪಾದ ದಪ್ಪ ಕಾಗದ, ಹಡಗಿನ ಅಂಚಿನ ಕಠಡಾ ಹಿಡಿದು ನಗುವ ಹೆಂಗಸರು, ಗ್ಲಾಸು ಹಿಡಿದ ಗಂಡಸರು. ಅದನ್ನು ಓದಿ ಹೇಳುವುದಕ್ಕೆ ಇಂಗ್ಲಿಷ್ ಮಾಸ್ತರ ಬೇಕಾಗಿದ್ದ. ಕಟ್ಟೆಯ ಇನ್ನೊಂದು ತುದಿಯಲ್ಲಿ ಫಕೀರಸಾಬ ಮೊಮ್ಮಕ್ಕಳ ಅಂಗಿಗೆ ಗುಂಡಿ ಹಚ್ಚುತ್ತ ಕುಳಿತಿದ್ದ.

ನಡುವಿನ ಒಂದು ಪುಟದ ತುಂಬ ಯಾವ ರಾತ್ರಿಯ ಊಟಕ್ಕೆ ಏನು ಉಡಬೇಕೆಂಬ ಕಟ್ಟಳೆಗಳಿದ್ದವು. ಮೊದಲ ರಾತ್ರಿ ಪೆಟ್ಟಿಗೆ ಬಿಚ್ಚಿರುವುದಿಲ್ಲವಾದ್ದರಿಂದ ಸಾದಾ ಬಟ್ಟೆ ನಡೆಯುತ್ತದೆ. ಎರಡನೆಯ ರಾತ್ರಿ ಕೋಟು, ಟೈ. ಮೂರನೆಯ ರಾತ್ರಿ ಹಡಗಿನ ಕ್ಯಾಪ್ಟನ್ನನ ಊಟ. ಅದಕ್ಕೆ ಮಿರುಗುವ ಕಾಲರಿನ ಕರಿ ಕೋಟು, ಬಿಳಿ ಅಂಗಿ, ಕೊರಳಿಗೆ ಚಿಟ್ಟೆಯಂಥ ಕರಿ ಪಟ್ಟಿ. ಬರಿ ಬನಿಯನ್ನು ತೊಟ್ಟವರನ್ನೂ ಬರಿಗಾಲಿನವರನ್ನೂ ಊಟದ ಕೋಣೆಯೊಳಗೆ ಬಿಡುವುದಿಲ್ಲ. ಸಾವುಕಾರರು ಕಣ್ಣು ಪಿಳುಕಿಸಿದರು. ಮನೆಯಲ್ಲಿ ಅವರು ಉಣ್ಣುವುದು ಸೊಂಟಕ್ಕೊಂದು ಧೋತರ ಸುತ್ತಿಕೊಂಡು, ಮೇಲೆ ಏನೂ ಇಲ್ಲದೆ. ಉಣ್ಣುವಾಗ ಹೊಟ್ಟೆಗೆ ಗಾಳಿ ಆಡಬೇಕೆಂಬುದು ಅವರ ಮತ. ಊರಿಂದ ಊರಿಗೆ ಹೋಗುವಾಗ ಕೋಟು ಹಾಕುವುದು ಸರಿ, ಉಣ್ಣಲು ಕೂಡುವಾಗ ಕೋಟು ಹಾಕುವ ಮಂದಿಗೆ ತಲೆ ನೆಟ್ಟಗಿದೆಯೇ ಎಂದು ನನ್ನನ್ನೇ ತಪ್ಪಿತಸ್ಥನೆಂಬಂತೆ ಕೇಳಿದರು.

ಆಗ ಫಕೀರಸಾಬ ಸೂಜಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಮಾಸ್ತರ, ಅಲ್ಲಿ ಉಣ್ಣಾಕ ಕುಂಡ್ರವರನ್ನ ನೀ ಯಾರು, ಎಲ್ಲಿಯಾಂವ ಅಂತ ಕೇಳೂದಿಲ್ಲೇನ್ರಿ?"

"ಇಲ್ಲ. ಕೋಟು ನೋಡತಾರ, ಒಳಗ ಬಿಡತಾರ."

"ಕೋಟಷ್ಟ?"

"ಕೋಟಷ್ಟ," ಎಂದೆ ನಾನು. ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ಆದರೂ ಆ ಒಂದು ಮಾತನ್ನು ನಾನು ಅಷ್ಟು ಹಗುರವಾಗಿ ಆಡಬಾರದಿತ್ತು.

ಕರಿ ಬಟ್ಟೆಯನ್ನೂ ಕಾಲರಿಗೆ ಸಾಟಿನ್ನನ್ನೂ ಫಕೀರಸಾಬ ಗದಗಿಗೆ ಹೋಗಿ ತಾನೇ ಆರಿಸಿ ತಂದ. ಅಳತೆಯ ಹೊತ್ತಿಗೆ ತಕರಾರು ಶುರುವಾಯಿತು. ಎಲ್ಲರ ಕೋಟು ನಿಲ್ಲುವುದಕ್ಕೆ, ನಡೆಯುವುದಕ್ಕೆ. ಇದು ಕುಳಿತು ಉಣ್ಣುವ ಕೋಟು, ಆದ್ದರಿಂದ ಉಣ್ಣುವಾಗಲೇ ಅಳತೆ ಹಿಡಿಯಬೇಕು ಎಂದು ಅವನು ಹಟ ಹಿಡಿದ. ಮಾತು ನಿಜವಾಗಿತ್ತು. ಹಾಗಾಗಿ ಮೂರು ಮಧ್ಯಾಹ್ನ ಸಾವುಕಾರರು ಕಚ್ಚಾ ಹೊಲಿಗೆಯ ಕೋಟು ತೊಟ್ಟು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಉಂಡರು. ನಾನೂ ಇರಬೇಕಾಯಿತು. ಇಂಗ್ಲಿಷ್ ಬಂದವನಿಗೆ ಫೋರ್ಕು ಹಿಡಿಯುವುದೂ ಬರುತ್ತದೆ ಎಂಬುದು ಅವರ ತರ್ಕ. ನಾನು ಆ ಹಲ್ಲಿನ ಚಮಚವನ್ನು ಮೊದಲ ಸಲ ಕಂಡದ್ದು ಅವರ ಮನೆಯಲ್ಲೇ. ಬರುವುದಿಲ್ಲ ಎನ್ನುವಷ್ಟು ಮರ್ಯಾದೆ ನನ್ನಲ್ಲಿ ಇರಲಿಲ್ಲ.

ಆ ಊಟ ನೋಡಲಾಗದು. ಒಂದು ತುಂಡು ಶೇಂಗಾ ಹೋಳಿಗೆ ಫೋರ್ಕಿನಿಂದ ಜಾರಿ ಬಿದ್ದರೆ ಮುಂದಿನ ನಾಲ್ಕು ಕೈಯಿಂದಲೇ ಒಳಗೆ ಹೋಗುತ್ತಿದ್ದವು. ತುಪ್ಪ ಮಣಿಕಟ್ಟಿಗೆ ಇಳಿದು ತೋಳಿನೊಳಗೆ ಹರಿಯುತ್ತಿತ್ತು, ಅದನ್ನು ನಾಲಿಗೆಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಾಯಿಯ ಚಪ್ಪರಿಕೆ ಕಟ್ಟೆಯವರೆಗೆ ಕೇಳುತ್ತಿತ್ತು. ಇಷ್ಟೆಲ್ಲ ಆದರೂ ಫಕೀರಸಾಬ ಮಾತ್ರ ಅವರನ್ನು ಮುಟ್ಟುವಂತಿರಲಿಲ್ಲ. ಅವನು ಹೊಲಿದ ಕೋಟು ಮೈಮೇಲೆ ಇರಬಹುದು, ಉಣ್ಣುವಾಗ ಅವನ ಬೆರಳು ತಾಕಬಾರದು. ಟೇಪನ್ನು ಹೊಟ್ಟೆಯ ಸುತ್ತ ಸುತ್ತಿ ಹಿಡಿಯುವ ಕೆಲಸ ಸಾವುಕಾರರ ಹೆಂಡತಿ ನೀಲಗಂಗವ್ವನದು. ಇವನು ಒಂದು ಮೊಳ ದೂರದಲ್ಲಿ ಮೊಣಕಾಲೂರಿ, ದಾರ ಕಟ್ಟಿದ ಚಾಳೀಸನ್ನು ಮೂಗಿನ ಮೇಲೆ ಒತ್ತಿಕೊಂಡು, ಅಂಕಿ ಓದಬೇಕು. ಹಾಗೆ ಓದುತ್ತಿದ್ದವನ ಮುಖದ ಮೇಲೆ ಸಾವುಕಾರರು ಢರ್ರನೆ ತೇಗಿದರು. ಅವನು ಮುಖ ಒರೆಸಿಕೊಳ್ಳಲಿಲ್ಲ. ಕೂಡುವಾಗ ನಲವತ್ತನಾಲ್ಕು, ಏಳುವಾಗ ನಲವತ್ತಾರೂವರೆ ಎಂದು ಬರೆದುಕೊಂಡ. ಆಮೇಲೆ ಕೊಟ್ಟಿಗೆಗೆ ಹೋಗಿ ತನ್ನ ತಾಟು ತಂದು ಕಟ್ಟೆಯ ತುದಿಯಲ್ಲಿ ಕುಳಿತ.

ಆ ಎರಡೂವರೆ ಇಂಚಿಗಾಗಿ ಅವನು ಒಂದು ವಾರ ತಲೆ ಕೆಡಿಸಿಕೊಂಡ. ಕೊನೆಗೆ ಬೆನ್ನಿನ ಒಳಪದರದ ಅಸ್ತರಿನಲ್ಲಿ ಹೊರಗೆ ಕಾಣದ ಒಂದು ನೆರಿಗೆ ಇಟ್ಟು, ಅದಕ್ಕೆ ಸಾಲಾಗಿ ಕೊಂಡಿಗಳನ್ನು ಹಚ್ಚಿದ. ಜೇಬಿನಲ್ಲಿ ಕೈ ಇಟ್ಟು ಒಂದು ಲಾಡಿ ಎಳೆದರೆ ಒಂದೊಂದೇ ಕೊಂಡಿ ಬಿಚ್ಚಿ ಕೋಟು ಹೊಟ್ಟೆಯ ಜೊತೆ ತಾನೂ ಹಿಗ್ಗುತ್ತಿತ್ತು. ಅಂಥ ಕೈಚಳಕ ಇಂಥ ಹೊಟ್ಟೆಗೆ ಖರ್ಚಾಯಿತಲ್ಲ ಎಂದು ನನಗೆ ಸಂಕಟ. ಅವನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ.

ಸಾವುಕಾರರು ಹಡಗು ಏರಿ ಇಳಿದು ಬಂದರು. ತಿಂಗಳುಗಟ್ಟಲೆ ಊರಿಗೆ ಅದೇ ಪುರಾಣ. ಕ್ಯಾಪ್ಟನ್ನನ ಊಟದಲ್ಲಿ ತಮ್ಮ ಬಲಕ್ಕೆ ಕುಳಿತವನು ಏನು ತಿಂದ, ಎಡಕ್ಕೆ ಕುಳಿತವಳು ಏನು ಕುಡಿದಳು ಎಂಬುದನ್ನು ಅವರು ಕಣ್ಣರಳಿಸಿ ಹೇಳುತ್ತಿದ್ದರು. ಎಲ್ಲರ ತಾಟೂ ಒಂದೇ ತೊಟ್ಟಿಯಲ್ಲಿ ಬೆಳಗುತ್ತಿದ್ದರಂತೆ. ಹಡಗಿನಲ್ಲಿ ಜಾತಿ ಇಲ್ಲ, ಮತ ಇಲ್ಲ, ನಮ್ಮ ಮಂದಿ ಇದನ್ನು ಕಲಿಯಬೇಕು ಎಂದು ಜಿನ್ನಿನ ಗಾದಿಯ ಮೇಲೆ ಕುಳಿತು ಭಾಷಣ ಮಾಡಿದರು. ಕೇಳಿದವರು ತಲೆದೂಗಿದರು. ನಾನೂ ದೂಗಿದೆ.

ಏಪ್ರಿಲಿನಲ್ಲಿ ಜಿನ್ನಿಗೆ ಹೊಸ ಯಂತ್ರ ಬಂತು. ಅದರ ನೆಪದಲ್ಲಿ ಮನೆಯಲ್ಲಿ ಹಡಗಿನಂಥದೇ ಒಂದು ರಾತ್ರಿಯ ಊಟ ಇಡಬೇಕೆಂದು ಸಾವುಕಾರರಿಗೆ ಹೊಳೆಯಿತು. ಗದಗಿನ ಅಡತಿ ವ್ಯಾಪಾರದವರು, ಶಿರಹಟ್ಟಿಯ ವಕೀಲರು, ಮುಂಡರಗಿಯ ದಲಾಲರು, ಊರಿನ ಡಾಕ್ಟರು, ಹೆಡ್ಮಾಸ್ತರು, ನಾನು. ಕಟ್ಟಳೆ ಹಡಗಿನದೇ: ಮಿರುಗುವ ಕಾಲರಿನ ಕರಿ ಕೋಟು ಇದ್ದವರಿಗಷ್ಟೇ ಕುರ್ಚಿ. ಕೆಂಡದಂಥ ಬಿಸಿಲಿನ ದಿನಗಳಲ್ಲಿ ಇಡೀ ಸೀಮೆಯ ದೊಡ್ಡ ಮನುಷ್ಯರು ಫಕೀರಸಾಬನ ಮೆಟ್ಟಿಲು ಹತ್ತಿ ಕರಿ ಕೋಟಿಗೆ ಅಳತೆ ಕೊಟ್ಟರು. ಒಂದು ತಿಂಗಳಲ್ಲಿ ಅವನು ಹದಿನೇಳು ಕೋಟು ಹೊಲಿದ. ಅದರಲ್ಲಿ ಒಂದು ನನ್ನದು.

ಕೋಟುಗಳ ಕೆಲಸ ಹೇಗೆ ನಡೆದಿದೆ ಎಂದು ನೋಡಲು ಸಾವುಕಾರರು ಒಂದು ದಿನ ಅಂಗಡಿಗೆ ಬಂದಿದ್ದರು. ಅಡತಿಯವರಿಬ್ಬರು ಜೊತೆಗಿದ್ದರು. ಅವರ ಮುಂದೆ ಉದಾರತನ ತೋರಿಸುವ ಹುಮ್ಮಸ್ಸು ಬಂದಿರಬೇಕು.

"ನೀನೂ ಒಂದು ಕೋಟ ಹೊಲಕೊಂಡು ಬಾರಲೇ ಫಕೀರಾ. ನನ್ನ ಮನ್ಯಾಗೂ ಹಡಗಿನ ಕಾಯ್ದೇನ. ಕೋಟ ಇದ್ದಾಂವಗ ಕುರ್ಚಿ."

ಫಕೀರಸಾಬನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು. ಬರುತ್ತೇನೆಂದು ತಲೆಯಾಡಿಸಿದ.

ಮನೆಯೊಳಗೆ ಗಂಡಹೆಂಡತಿಯ ಮಾತು ಉರ್ದು, ನನ್ನೆದುರಿಗೆ ಕನ್ನಡ. ಸಾವುಕಾರರು ಹೋದ ಮೇಲೆ ಖೈರುನಬಿ ಪರದೆ ಸರಿಸಿ ಬಂದು, ನನಗೂ ಕೇಳಲಿ ಎಂದೇ ಕನ್ನಡದಲ್ಲಿ ಹೇಳಿದಳು. ಹೋಗುವುದು ಬೇಡ, ಅವರ ಬಾಯಿ ಹಡಗಿಗೆ ಹೋಗಿ ಬಂದಿದೆ, ಮನೆ ಹೋಗಿ ಬಂದಿಲ್ಲ ಎಂದಳು. ಅದಕ್ಕೆ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಇಪ್ಪತ್ತೆರಡು ವರ್ಷ ಆ ಕಟ್ಟಿ ಮ್ಯಾಲ ಉಂಡೇನಿ. ಒಂದ ದಿನ ಎಲ್ಲಾರ ಸಾಲಿನ್ಯಾಗ ಕುಂತು ಉಣತೇನಿ. ಒಂದ ದಿನ ಸಾಕು ನಂಗ."

ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡು ದರ್ಜಿಗೆ ಸೇರುವುದು ನಮ್ಮ ಕಡೆಯ ರೂಢಿ. ಫಕೀರಸಾಬ ತನ್ನ ಕೋಟಿಗೆ ಹೊಸ ಬಟ್ಟೆ ತರಲಿಲ್ಲ. ಹದಿನೇಳು ಕೋಟುಗಳ ತುಂಡುಗಳನ್ನು ಕೂಡಿಸಿಟ್ಟುಕೊಂಡು, ಎಳೆಗೆ ಎಳೆ ಹೊಂದಿಸಿ, ಹಗಲು ಹೊತ್ತಿನಲ್ಲೇ ಬಾಗಿಲಿಗೆ ಮುಖ ಮಾಡಿ ಕುಳಿತು ಕೈಯಿಂದ ಕೂಡಿಸಿದ. ಹನ್ನೊಂದು ಜೋಡಣೆಗಳಿದ್ದವಂತೆ. ನಾನು ಬೆಳಕಿಗೆ ಹಿಡಿದು ಹುಡುಕಿದೆ, ಒಂದೂ ಸಿಗಲಿಲ್ಲ. ಆ ಹದಿನೆಂಟರಲ್ಲಿ ಅದರಂಥ ಕೋಟು ಇನ್ನೊಂದಿರಲಿಲ್ಲ. ನನ್ನನ್ನು ಕೇಳಿ ಫೋರ್ಕು ಹಿಡಿಯುವುದನ್ನೂ ಕಲಿತ, ಮತ್ತು ಎರಡು ದಿನದಲ್ಲಿ ನನಗಿಂತ ಚೆನ್ನಾಗಿ ಹಿಡಿಯುತ್ತಿದ್ದ.

ಊಟದ ದಿನ ಪಡಸಾಲೆಯಲ್ಲಿ ಶಾಲೆಯಿಂದ ತಂದ ಮೇಜುಗಳನ್ನು ಸೇರಿಸಿ ಬಿಳಿ ಚಾದರ ಹಾಸಿದ್ದರು. ಹುಬ್ಬಳ್ಳಿಯಿಂದ ತರಿಸಿದ ಹೊಸ ಪಿಂಗಾಣಿ ತಾಟುಗಳು. ಕುರ್ಚಿಗೊಂದು ಹೆಸರಿನ ಚೀಟಿ, ಅವನ್ನೆಲ್ಲ ಬರೆದವನು ನಾನೇ. ಫಕೀರಸಾಬನ ಚೀಟಿಯನ್ನು ಕೊನೆಯಲ್ಲಿ, ನನ್ನ ಪಕ್ಕಕ್ಕೆ ಇಟ್ಟಿದ್ದೆ. ಗಾಳಿ ಎಂಬುದು ಇರಲಿಲ್ಲ. ಸಾವುಕಾರರೂ ಸೇರಿ ಹತ್ತೊಂಬತ್ತು ಗಂಡಸರು ಕರಿ ಕೋಟಿನಲ್ಲಿ ಬೆವರುತ್ತ ಕುಳಿತಿದ್ದರು. ಬೆವರು, ಅತ್ತರು, ಸುಟ್ಟ ಎಣ್ಣೆ ಎಲ್ಲ ಸೇರಿ ಒಂದು ನಾತ. ಅಡತಿಯವನೊಬ್ಬನ ಕೊರಳಪಟ್ಟಿ ಕಳಚಿ ಸಾರಿನ ಬಟ್ಟಲಿನಲ್ಲಿ ಬಿತ್ತು, ಅದನ್ನು ಎತ್ತಿ ಹಿಂಡಿ ಮತ್ತೆ ಕಟ್ಟಿಕೊಂಡ. ವಕೀಲರು ರೊಟ್ಟಿಯನ್ನು ಚಾಕುವಿನಿಂದ ಕೊಯ್ಯಲು ಹೋದಾಗ ಅರ್ಧ ರೊಟ್ಟಿ ಡಾಕ್ಟರ ತೊಡೆಯ ಮೇಲೆ ಹಾರಿತು. ಒಬ್ಬರೂ ನಗಲಿಲ್ಲ. ಎಲ್ಲರೂ ತಾವು ಸಮುದ್ರದ ಮೇಲಿದ್ದೇವೆಂಬ ಗತ್ತಿನಲ್ಲಿ ಗಲ್ಲ ಎತ್ತಿ ಕುಳಿತಿದ್ದರು.

ಫಕೀರಸಾಬ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಅವನ ಮುಂದೆ ಮಾತ್ರ ತಾಟು ಇರಲಿಲ್ಲ. ಮರೆತಿರಬೇಕು, ತರುತ್ತಾರೆ ಎಂದು ನಾನು ಕಿವಿಯಲ್ಲಿ ಹೇಳಿದೆ. ತಂದರು. ಹುಚ್ಚೀರಪ್ಪ ಕೊಟ್ಟಿಗೆಯ ಕಡೆಯಿಂದ ಬಂದು, ಆ ಬಿಳಿ ಚಾದರದ ಮೇಲೆ, ಅವನ ಹೆಸರಿನ ಚೀಟಿಯ ಮುಂದೆ, ನೀಲಿ ಅಂಚಿನ ತಗಡಿನ ತಾಟನ್ನು ಇಟ್ಟ. ಬೂದಿ ಹಚ್ಚಿ ಚೆನ್ನಾಗಿ ತಿಕ್ಕಿದ್ದರು. ಲೇಪ ಹಾರಿದ ಮೂರು ಕಪ್ಪು ಕಲೆಗಳು ಎಂದಿಗಿಂತ ಎದ್ದು ಕಾಣುತ್ತಿದ್ದವು.

ಸಾವುಕಾರರು ಮೇಜಿನ ಆ ತುದಿಯಿಂದ ಪ್ರೀತಿಯಿಂದಲೇ ಹೇಳಿದರು. "ನಿನ್ನ ತಾಟು ನಿನಗ ತರಿಸೇನಿ ನೋಡಪಾ. ಸಂಕೋಚ ಬ್ಯಾಡ, ಹೊಟ್ಟಿ ತುಂಬ ಉಣ್ಣು."

ಅಪಹಾಸ್ಯ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅಲ್ಲಿ ಯಾರೂ ಅಪಹಾಸ್ಯ ಮಾಡಲಿಲ್ಲ. ಹದಿನಾರು ಕೋಟುಗಳಿಗೂ ಅದು ಸರಿ ಎನಿಸಿತು, ಉಣ್ಣುವುದನ್ನು ಮುಂದುವರಿಸಿದವು. ನನ್ನ ಮೈ ಉರಿಯಿತು. ಎದ್ದು ನಿಲ್ಲಬೇಕು, ನನ್ನ ತಾಟನ್ನು ಅವನ ಮುಂದೆ ಇಟ್ಟು ಅವನದನ್ನು ನಾನು ತೆಗೆದುಕೊಳ್ಳಬೇಕು ಎಂದು ಮನಸ್ಸು ಹೇಳುತ್ತಿತ್ತು. ನನ್ನ ಕೈ ಹೋಳಿಗೆಯಲ್ಲಿ ಫೋರ್ಕು ಚುಚ್ಚುತ್ತಿತ್ತು. ಅವನು ನನ್ನ ಕಡೆ ಬಾಗಿ, ನನಗೊಬ್ಬನಿಗೇ ಕೇಳುವಂತೆ ಕೇಳಿದ.

"ಮಾಸ್ತರ, ಆ ಪುಸ್ತಕದಾಗ ತಾಟಿನ ಮಾತು ಇರಲಿಲ್ಲೇನ್ರಿ?"

ನಾನು ಅಗಿಯುತ್ತಲೇ ಇದ್ದೆ. ಬಾಯಲ್ಲಿ ತುತ್ತು ಇತ್ತು.

ಅವನು ಎದ್ದು ಹೋಗಲಿಲ್ಲ. ಹಾಕಿದ್ದನ್ನೆಲ್ಲ ಉಂಡ, ಒಂದು ಅಗುಳೂ ಚಾದರದ ಮೇಲೆ ಬೀಳದಂತೆ ಉಂಡ. ಆಮೇಲೆ ತಾಟು ಎತ್ತಿಕೊಂಡು, ಆ ಕೋಟಿನಲ್ಲೇ ಕೊಟ್ಟಿಗೆಯ ಕಡೆ ನಡೆದ. ನೀರು ಸುರಿಯುವ ಸಪ್ಪಳ ಕೇಳಿಸಿತು. ತಾಟು ಮಾತ್ರ ಗೂಡಿಗೆ ಮರಳಲಿಲ್ಲ. ಅದನ್ನು ಕೋಟಿನೊಳಗೆ ಎದೆಗೆ ಅವಚಿಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ಹೋದನೆಂದು ಮರುದಿನ ಖೈರುನಬಿ ಹೇಳಿದಳು. ಆ ಕೋಟನ್ನು ಬಿಚ್ಚಿ, ಹನ್ನೊಂದು ಜೋಡಣೆಗಳನ್ನೂ ಒಂದೊಂದಾಗಿ ಕಡಿದು, ತುಂಡುಗಳನ್ನು ಇಸ್ತ್ರಿಯ ಪೆಟ್ಟಿಗೆ ಹಿಡಿಯುವ ಬಟ್ಟೆ ಮಾಡಿಕೊಂಡ. ತಾಟು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಂತು.

ಮುಂದಿನ ದೀಪಾವಳಿಗೆ ಅವನು ಸಾವುಕಾರರ ಕಟ್ಟೆಗೆ ಹೋಗಲಿಲ್ಲ. ಮಿಷನ್ನು ಹೊರುವ ತ್ರಾಣ ಇಲ್ಲ, ಬಟ್ಟೆ ಇದ್ದರೆ ಅಂಗಡಿಗೆ ಕಳಿಸಿ ಎಂದು ಹೇಳಿಕಳಿಸಿದ. ಸಾವುಕಾರರು ಇದನ್ನು ವಯಸ್ಸಿನ ಮಾತೆಂದೇ ನಂಬಿದರು. ಬೇರೆ ಏನಾದರೂ ಇರಬಹುದೆಂದು ಅವರ ತಲೆಗೆ ಬರುವುದು ಸಾಧ್ಯವೇ ಇರಲಿಲ್ಲ. ನನಗೆ ಅವರ ಮೇಲೆ ಅತಿ ಹೆಚ್ಚು ಹೇಸಿಕೆ ಬಂದದ್ದು ಅದಕ್ಕೇ.

ಎಂಬತ್ತನೆಯ ಇಸವಿಯ ಜನವರಿಯಲ್ಲಿ ಅವರಿಗೆ ಮತ್ತೆ ಹಡಗಿನ ಕರೆ ಬಂತು. ಎರಡು ವರ್ಷದಲ್ಲಿ ಹೊಟ್ಟೆ ಬೆಳೆದಿತ್ತು, ಕೊಂಡಿಗಳೆಲ್ಲ ಬಿಚ್ಚಿದರೂ ಕೋಟು ಕೂಡುತ್ತಿರಲಿಲ್ಲ. ಗದಗಿನ ದರ್ಜಿಯೊಬ್ಬ ಅಸ್ತರು ಬಿಚ್ಚಿ ಒಳಗಿನದನ್ನು ನೋಡಿ, ಇದನ್ನು ಮಾಡಿದವನೇ ಮುಟ್ಟಬೇಕು ಎಂದು ಕೈಮುಗಿದು ಕಳಿಸಿದ. ಸಾವುಕಾರರು ಕೋಟು ಹಿಡಿದು ಅಂಗಡಿಗೆ ಬಂದರು. ಹೊರಡಲು ನಾಲ್ಕು ದಿನ ಉಳಿದಿದ್ದವು. ಫಕೀರಸಾಬ ಕೋಟು ನೋಡಿ, ಆಗುತ್ತದೆ, ಆದರೆ ಉಣ್ಣುವಾಗಲೇ ಅಳತೆ ಹಿಡಿಯಬೇಕು, ನಾಳೆ ಮಧ್ಯಾಹ್ನ ಹಸಿದುಕೊಂಡು ಬನ್ನಿ ಎಂದ. ನಾಳೆ ಭಾನುವಾರ, ಶಾಲೆ ಇಲ್ಲ, ನೀವೂ ಬನ್ನಿ ಎಂದು ನನಗೂ ಹೇಳಿದ.

ನಾನು ಹೋದಾಗ ಖೈರುನಬಿ ಹೊಸ ಮಡಿಕೆಯಲ್ಲಿ ಬದನೆಕಾಯಿ ಮಾಡಿ ಇಳಿಸಿದ್ದಳು. ಮಡಿಕೆ ಅಂದೇ ಕುಂಬಾರನಿಂದ ಬಂದದ್ದು, ಮನೆಯ ಬೇರೆ ಅಡಿಗೆ ಅದಕ್ಕೆ ತಾಗಿರಲಿಲ್ಲ. ಯಾರಿಗೂ ಒಂದು ನೆಪವೂ ಉಳಿಯದಂತೆ ಅವಳು ನೋಡಿಕೊಂಡಿದ್ದಳು. ಸಾವುಕಾರರು ಬಂದು ಕೋಟು ತೊಟ್ಟು, ಬಾಗಿಲಿಗೆ ಎದುರಾಗಿ ಇಟ್ಟಿದ್ದ ಕುರ್ಚಿಯಲ್ಲಿ ಕುಳಿತರು. ಫಕೀರಸಾಬ ಇಸ್ತ್ರಿ ಪೆಟ್ಟಿಗೆಯ ಕೆಳಗಿನ ತಾಟನ್ನು ತೆಗೆದು, ಅವರ ಕಣ್ಣೆದುರಿಗೇ ತೊಳೆದು, ಎರಡು ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ಹಾಕಿ ಮುಂದಿನ ಮೇಜಿನ ಮೇಲೆ ಇಟ್ಟ.

"ನಿಮ್ಮ ಮನೀ ತಾಟರಿ ಇದು," ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಕೊರಳಲ್ಲಿ ಟೇಪು ಇತ್ತು.

ಸಾವುಕಾರರು ತಾಟು ನೋಡಿದರು. ಗುರುತು ಹತ್ತಿತು. ಹೊರಗೆ ಸಂತೆಯಿಂದ ಮರಳುವ ಮಂದಿ, ಎದುರಿನ ಹೋಟೆಲಿನವನು, ಎಲ್ಲ ಕಾಣುತ್ತಿದ್ದರು. ಅವರು ದನಿ ತಗ್ಗಿಸಿ ಬಾಗಿಲು ಹಾಕಲು ಹೇಳಿದರು. ಮುಚ್ಚಿದ ಬಾಗಿಲಿನ ಹಿಂದೆ ಉಣ್ಣಲು ಅವರದೇನೂ ತಕರಾರು ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

"ಬಾಗಲಾ ಹಾಕಿದ್ರ ಬೆಳಕ ಸಾಲೂದಿಲ್ರಿ," ಎಂದ ಫಕೀರಸಾಬ. "ಟೇಪಿನ ಅಂಕಿ ಕಾಣೂದಿಲ್ಲ."

ಹಡಗಿನಲ್ಲಿ ಕಂಡವರೆಲ್ಲರ ನಡುವೆ ಕುಳಿತು ಉಂಡ ಆ ಮನುಷ್ಯನ ಹಣೆಯ ಮೇಲೆ ಜನವರಿಯ ಚಳಿಯಲ್ಲಿ ಬೆವರು ಬಂತು. ಕೈ ಎರಡು ಸಲ ಮೇಜಿನವರೆಗೆ ಹೋಗಿ ಬಂದಿತು. ಆಮೇಲೆ ಎದ್ದು, ಕೋಟನ್ನು ಕಳಚಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದರು. ಬೆನ್ನಿನ ಕೊಂಡಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನನಗೆ ಖುಷಿಯೋ ಖುಷಿ. ಬೇಕಿತ್ತು ಇವನಿಗೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಎರಡು ವರ್ಷದ ಹೇಸಿಕೆ ಹೊಟ್ಟೆಯಿಂದ ಇಳಿದುಹೋದಂತೆ ಹಗುರಾಯಿತು.

ಫಕೀರಸಾಬ ಟೇಪನ್ನು ಸುತ್ತಿ ಇಟ್ಟ. ತಾಟನ್ನು ಮೇಜಿನ ಮೇಲೆಯೇ ನನ್ನ ಕಡೆ ಸರಿಸಿದ.

"ರೊಟ್ಟಿ ಆರತಾವು ಮಾಸ್ತರ. ನೀವ ಉಣ್ರಿ."

ನಾನು ಬೀದಿಯ ಕಡೆ ನೋಡಿದೆ.

ಬಹಳ ಹೊತ್ತೇನೂ ಅಲ್ಲ. ರೆಪ್ಪೆ ಬಡಿಯುವಷ್ಟು. ಹೆಡ್ಮಾಸ್ತರರ ಮನೆ ಆ ಕಡೆಗಿತ್ತು, ನನ್ನ ಹೆಂಡತಿಯ ತವರಿನವರು ಸಂತೆಗೆ ಬಂದಿರಬಹುದಿತ್ತು. ಆಮೇಲೆ ಕೈ ಚಾಚಿದೆ. ಚಾಚಲಿಲ್ಲ ಎಂದು ಯಾರೂ ಹೇಳಲಾರರು. ಅಷ್ಟರಲ್ಲಿ ಅವನು ನನ್ನ ಕಣ್ಣು ಹೋದ ದಾರಿಯನ್ನು ನೋಡಿ ಮುಗಿಸಿದ್ದ. ಹೆಗಲು ನೋಡಿ ಮನುಷ್ಯನನ್ನು ಅಳೆಯುವವನಿಗೆ ಅಷ್ಟು ಸಾಕಾಗಿತ್ತು.

"ಇರಲಿ ಬಿಡ್ರಿ," ಎಂದು ತಾಟನ್ನು ತನ್ನ ಕಡೆ ಎಳೆದುಕೊಂಡ. ಬಾಗಿಲ ಬೆಳಕಿನಲ್ಲಿ ಕುಳಿತು ಎರಡೂ ರೊಟ್ಟಿಗಳನ್ನು ನಿಧಾನವಾಗಿ ಉಂಡ, ತೊಳೆದ, ಒರೆಸಿದ, ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ಇಟ್ಟ. ಪರದೆಯ ಹಿಂದೆ ಖೈರುನಬಿ ಮಡಿಕೆಯ ಮೇಲೆ ಮುಚ್ಚಳ ಇಡುವ ಸಪ್ಪಳ ಕೇಳಿಸಿತು. ಸಾವುಕಾರರ ಮೇಲೆ ಎರಡು ವರ್ಷ ಸಾಕಿದ ಹೇಸಿಕೆಯೆಲ್ಲ ನನ್ನ ಮೇಲೆಯೇ ತಿರುಗಿ ಬಿತ್ತು. ಅದು ಇನ್ನೂ ಇಳಿದಿಲ್ಲ.

ಅವನು ಎಂಬತ್ತಾರರಲ್ಲಿ ತೀರಿಕೊಂಡ. ಅಲ್ಲಿಯವರೆಗೆ ಆರು ವರ್ಷ ನಾನು ಅದೇ ಸ್ಟೂಲಿನ ಮೇಲೆ ಕುಳಿತೆ. ಸಿಟ್ಟಾದವನಲ್ಲ ಅವನು. ಎದುರಿನ ಹೋಟೆಲಿನಿಂದ ಚಹಾ ತರಿಸುತ್ತಿದ್ದ, ಬೀದಿಯವರ ಹೆಗಲು ನೋಡಿ ಮೊದಲಿನಂತೆಯೇ ಹೇಳುತ್ತಿದ್ದ, ನನ್ನ ಕರಿ ಕೋಟನ್ನು ಪ್ರತಿ ಜನವರಿ ಇಪ್ಪತ್ತಾರಕ್ಕೆ ಇಸ್ತ್ರಿ ಮಾಡಿಕೊಡುತ್ತಿದ್ದ. ರಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂದರೆ ಮಾತ್ರ, ಹೊತ್ತಾಯಿತು, ಮನೆಗೆ ಹೋಗಿ ಉಣ್ಣಿ ಎನ್ನುತ್ತಿದ್ದ. ತನ್ನ ಮನೆಯಲ್ಲಿ ಉಣ್ಣಿ ಎಂದು ಮತ್ತೆಂದೂ ಹೇಳಲಿಲ್ಲ.